ಸಂಪಿನ ನೀರು: ಪ್ಲಾಸ್ಮಾ ಯಂತ್ರ ಹಾಕಿಸಬೇಕಾ?

ಮನೆ 14: ಎಲ್ಲರಿಗೂ ನಮಸ್ಕಾರ. ಸಂಪಿನ ನೀರಿನ ವರದಿ ಬಂದಿದೆ, ಇ. ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಸಿಕ್ಕಿದೆ. 100 ಮಿಲಿಲೀಟರ್ ನೀರಿನಲ್ಲಿ ಅದು ಒಂದೂ ಇರಬಾರದು. ಎಲ್ಲೋ ಚರಂಡಿ ನೀರು ಸೇರುತ್ತಿರಬೇಕು. ಕುಡಿಯುವ ನೀರನ್ನು ಇವತ್ತಿನಿಂದಲೇ ಕುದಿಸಿ. ಸುಮ್ನೆ ಬಿಸಿ ಮಾಡಿದರೆ ಸಾಲದು, ಕೊತಕೊತ ಕುದಿ ಬಂದಮೇಲೆ ಒಂದು ನಿಮಿಷವಾದರೂ ಬಿಡಿ.

ಮನೆ 3: ನಮ್ಮ ಮಗುವಿಗೆ ಈ ತಿಂಗಳಲ್ಲಿ ಎರಡನೇ ಸಲ ಭೇದಿ. ತುಂಬಾ ಭಯವಾಗುತ್ತಿದೆ. ಪ್ಲಾಸ್ಮಾ ಯಂತ್ರ ಅಂತ ಒಂದು ಬಂದಿದೆಯಂತೆ. ಕರೆಂಟಿನಿಂದಲೇ ಕ್ರಿಮಿ ಸಾಯುತ್ತವಂತೆ, ಔಷಧಿ ಬೇಡವಂತೆ. ಎಲ್ಲರೂ ಸೇರಿ ಹಾಕಿಸೋಣವಾ?

ಮನೆ 22: ಮೇಡಂ, ಅದು ಸುಳ್ಳಲ್ಲ. ಜಾಸ್ತಿ ವೋಲ್ಟೇಜ್ ಕೊಟ್ಟರೆ ಗಾಳಿಯಲ್ಲಿ ಪುಟ್ಟ ಮಿಂಚಿನ ಹಾಗೆ ಕಿಡಿ ಹುಟ್ಟುತ್ತದೆ, ಅದೇ ಪ್ಲಾಸ್ಮಾ. ಅದು ನೀರಿಗೆ ತಾಗಿದಾಗ ಹೈಡ್ರಾಕ್ಸಿಲ್ ರಾಡಿಕಲ್, ಹೈಡ್ರೋಜನ್ ಪೆರಾಕ್ಸೈಡ್, ಓಝೋನ್ ಎಂಬ ಕ್ರಿಮಿ ಕೊಲ್ಲುವ ವಸ್ತುಗಳು ಉಂಟಾಗುತ್ತವೆ, ಜೊತೆಗೆ ನೇರಳಾತೀತ ಬೆಳಕು. ಬ್ಯಾಕ್ಟೀರಿಯಾದ ಹೊರಪೊರೆಯೇ ಹರಿದುಹೋಗುತ್ತದೆ. ಇದು ತೀರಾ ಹೊಸದೂ ಅಲ್ಲ: ವಿದ್ಯುತ್ತಿನಿಂದ ಓಝೋನ್ ಮಾಡುವ ಕೊಳವೆಯನ್ನು ಜರ್ಮನಿಯ ಎಂಜಿನಿಯರ್ ವೆರ್ನರ್ ಫಾನ್ ಸೀಮೆನ್ಸ್ 1857ರಲ್ಲೇ ಮಾಡಿದ್ದರು. ಫ್ರಾನ್ಸಿನ ನೀಸ್ ನಗರ 1906ರಲ್ಲಿ ಕುಡಿಯುವ ನೀರಿಗೆ ಓಝೋನ್ ಬಳಸತೊಡಗಿತು.
ನನ್ನ ಚಿಂತೆ ಬೇರೆ. ಆ ರಾಡಿಕಲ್‌ಗಳು ಕಣ್ಣು ಮಿಟುಕಿಸುವಷ್ಟರೊಳಗೆ ಇಲ್ಲವಾಗುತ್ತವೆ. ಓಝೋನೂ ನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಶುದ್ಧವಾದ ನೀರು ಟ್ಯಾಂಕಿಗೆ ಏರಿ ಪೈಪಿನಲ್ಲಿ ಇಳಿಯುವಾಗ ಮತ್ತೆ ಕೊಳೆ ಸೇರಿದರೆ ಕಾಯಲು ಏನಿದೆ? ಕ್ಲೋರಿನ್ ಆದರೆ ನೀರಿನ ಜೊತೆಗೇ ನಲ್ಲಿಯವರೆಗೂ ಬರುತ್ತದೆ.

ಮನೆ 3: ಹಾಗಾದ್ರೆ ಯಂತ್ರ ಬೇಡ್ವಾ?

ಮನೆ 22: ಈಗಲೇ ಬೇಡ ಮೇಡಂ. ಸೋರಿಕೆ ಹಾಗೇ ಬಿಟ್ಟು ಯಂತ್ರ ಕೂರಿಸಿದರೆ ಕೊಳೆ ಬರುತ್ತಲೇ ಇರುತ್ತದೆ. ಮುಂದೆ ತರಿಸುವುದಾದರೆ ನಮ್ಮ ಸಂಪಿನ ನೀರಿನಲ್ಲೇ ನಡೆಸಿ ತೋರಿಸಲಿ. ಗಂಟೆಗೆ ಎಷ್ಟು ಲೀಟರ್, ಎಷ್ಟು ಕರೆಂಟ್ ಅಂತ ಹೇಳಲಿ. ನೈಟ್ರೇಟ್ ಕೂಡ ಅಳೆಸಬೇಕು. ಗಾಳಿಯ ಸಾರಜನಕ ಪ್ಲಾಸ್ಮಾಗೆ ಸಿಕ್ಕರೆ ನೀರಿನಲ್ಲಿ ನೈಟ್ರೇಟ್ ಸೇರುತ್ತದೆ. ಲೀಟರಿಗೆ 50 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪುಟ್ಟ ಮಗು ಇರುವ ಮನೆಗೆ ಇದು ಮುಖ್ಯ.

ಮನೆ 9: ಸಂಪಿನ ಪಕ್ಕದ ಚರಂಡಿ ಚೇಂಬರ್ ಹೋದ ವಾರ ಉಕ್ಕಿತ್ತು, ನಾನೇ ನೋಡಿದ್ದೆ. ಎರಡರ ನಡುವೆ ಮೂರು ಅಡಿ ಜಾಗವೂ ಇಲ್ಲ. ಆಗಲೇ ಹೇಳಬೇಕಿತ್ತು, ಕ್ಷಮಿಸಿ.

ಮನೆ 14: ಈಗ ಹೇಳಿದಿರಲ್ಲ, ಒಳ್ಳೆಯದಾಯಿತು. ಭಾನುವಾರ ಬೆಳಗ್ಗೆ 7ಕ್ಕೆ ಸಂಪು ಖಾಲಿ ಮಾಡಿಸಿ ಬಿರುಕು ಹುಡುಕೋಣ. ಒಳಗೆ ಉಸಿರುಗಟ್ಟಬಹುದು, ನಾವ್ಯಾರೂ ಇಳಿಯುವುದು ಬೇಡ. ತಿಳಿದ ಕೆಲಸದವರೇ ಸಲಕರಣೆ ತಂದು ಇಳಿಯಲಿ. ದುರಸ್ತಿಯಾದ ಮೇಲೆ ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಟ್ಟು ಅಳೆಯೋಣ. ಲೀಟರಿಗೆ 0.5 ಮಿಲಿಗ್ರಾಂ ಆದರೂ ಉಳಿದಿರಬೇಕು. ಯಾರ್ಯಾರು ಬರುತ್ತೀರಿ?

ಮನೆ 22: ಕ್ಲೋರಿನ್ ಅಳೆಯುವ ಕಿಟ್ ನಾನು ತರುತ್ತೇನೆ.

ಮನೆ 3: ನಾವಿಬ್ಬರೂ ಬರುತ್ತೇವೆ.