ಸುಣ್ಣ ಸಮಸಮ ಹಾಕಿದರೂ ಕತ್ತಿ ಕೆಂಪಾಯಿತು, ಏಕೆ?

ತೋಟಕ್ಕೆ ಮರಳಿದವನು, ಶಿರಸಿ

ಊರು ಬಿಟ್ಟು ಹದಿನೈದು ವರ್ಷವಾದ ಮೇಲೆ ಅಡಿಕೆ ತೋಟಕ್ಕೆ ವಾಪಸಾದವನು ನಾನು. ಮಳೆ ಹಿಡಿಯುವ ಮುಂಚಿನ ಮೊದಲ ಮದ್ದಿಗೆಂದು ಇವತ್ತು ಬೆಳಿಗ್ಗೆ, ಅಡಿಕೆಯ ಕೊಳೆರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣ ತಯಾರಿಸಿದೆ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ಸುಣ್ಣದ ನೀರಿಗೆ ಮೈಲುತುತ್ತಿನ ನೀರು ಸುರಿಯುತ್ತಾ ಕಲಕಿದೆ. ಆಕಾಶನೀಲಿ ಬರಬೇಕಿದ್ದದ್ದು ಹಸಿರಿಗೆ ತಿರುಗಿತು. ಅಪ್ಪ ಮಾತಾಡದೆ ಸೊಂಟದ ಕತ್ತಿಯನ್ನು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು, ನನ್ನ ಮೂಗಿನ ಮುಂದೆ ಹಿಡಿದರು. ಅಲಗಿನ ತುಂಬ ತಾಮ್ರದ ಕೆಂಪು. "ಇದನ್ನು ಹೊಡೆದರೆ ಎಳೆಕಾಯಿ ಸುಡುತ್ತದೆ" ಎಂದು, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನನ್ನು ವಾಪಸು ಕಳುಹಿಸಿದರು.

ಮಗಳು ಅರಿಸಿನ ಬಳಿದ ಕಾಗದ ಅದ್ದಿ ನೋಡಿದಳು, ಹಳದಿಯಾಗಿಯೇ ಉಳಿಯಿತು. ಹಾಗಾದರೆ ಇದು ಆಮ್ಲವೇ? ಮೈಲುತುತ್ತು ಲವಣವಲ್ಲವೇ, ಅದರಲ್ಲಿ ಆಮ್ಲ ಎಲ್ಲಿಂದ ಬಂತು? ಇನ್ನೆಷ್ಟು ಸುಣ್ಣ ಹಾಕಲಿ?

ಅಡಿಕೆ ಮಂಡಿ, ಸಾಗರ

ಎರಡು ಬೊಗಸೆ ಸುಣ್ಣ ಹೆಚ್ಚಿಗೆ ಹಾಕಿ, ಕತ್ತಿ ಬೆಳ್ಳಗೆ ಬರುವವರೆಗೂ ಕಲಕಿ. ನಾವು ಮಾಡುವುದು ಅಷ್ಟೇ.

ನಿವೃತ್ತ ಮೇಷ್ಟ್ರು, ಪುತ್ತೂರು

ಬೊಗಸೆ ಎಂಬುದು ಅಳತೆಯಲ್ಲ ಸ್ವಾಮಿ. ಅದೂ ಯಾರ ಬೊಗಸೆ?

ಲವಣವೆಂದರೆ ತಟಸ್ಥ ಎಂದು ನಾನೂ ಮೊದಲ ದಿನ ಮಕ್ಕಳಿಗೆ ಹೇಳಿ, ಮುಂದಿನ ತಿಂಗಳು ತಿದ್ದುತ್ತಿದ್ದೆ. ಮೈಲುತುತ್ತು ಪ್ರಬಲವಾದ ಗಂಧಕಾಮ್ಲಕ್ಕೂ ದುರ್ಬಲ ಪ್ರತ್ಯಾಮ್ಲವಾದ ತಾಮ್ರದ ಹೈಡ್ರಾಕ್ಸೈಡಿಗೂ ಹುಟ್ಟಿದ ಲವಣ, ತಂದೆಯ ಗುಣ ಬಿಡದು. ನೀರಿನಲ್ಲಿ ಕರಗಿದಾಗ ತಾಮ್ರದ ಅಯಾನು ತನ್ನ ಸುತ್ತಲಿನ ನೀರಿನ ಅಣುವನ್ನು ಒಡೆದು ಹೈಡ್ರೋಜನ್ ಅಯಾನನ್ನು ಹೊರಕ್ಕೆ ತಳ್ಳುತ್ತದೆ. ಆಮ್ಲೀಯತೆಯ ಅಳತೆಯಾದ ಪಿಎಚ್, ತಟಸ್ಥವಾದ 7ರಿಂದ 4ರ ಆಸುಪಾಸಿಗೆ ಇಳಿಯುತ್ತದೆ. ಸುಣ್ಣ ಸಾಕಷ್ಟಿದ್ದರೆ ಈ ಆಮ್ಲ ತೀರುತ್ತದೆ, ತಾಮ್ರವೂ ಕರಗದ ನೀಲಿ ಕಣಗಳಾಗುತ್ತದೆ, ಜೊತೆಗೆ ಜಿಪ್ಸಮ್ ಹುಟ್ಟುತ್ತದೆ. ಆ ನೀಲಿ ಕಣಗಳೇ ಅಡಿಕೆ ಗೊನೆಗೆ ಅಂಟಿಕೊಂಡು ಮಳೆಯಲ್ಲಿ ಚೂರುಚೂರೇ ತಾಮ್ರ ಬಿಟ್ಟು ಕೊಳೆರೋಗವನ್ನು ತಡೆಯುವುದು.

ನಿಮ್ಮ ತಂದೆಯವರ ಕತ್ತಿ ಹುಡುಕುವುದು ಆಮ್ಲವನ್ನಲ್ಲ, ಕರಗಿ ಉಳಿದ ತಾಮ್ರವನ್ನು. ಕಬ್ಬಿಣ ಕರಗಿ ಹೋಗುತ್ತದೆ, ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಎಳೆಕಾಯಿಯನ್ನು ಸುಡುವುದೂ ಅದೇ ತಾಮ್ರ. ಆದ್ದರಿಂದ ಈ ಕೆಲಸಕ್ಕೆ ಲಿಟ್ಮಸ್ ಕಾಗದಕ್ಕಿಂತ ಕತ್ತಿಯನ್ನೇ ನಾನು ನಂಬುತ್ತೇನೆ. ಅಡುಗೆಮನೆಯ ಸ್ಟೀಲ್ ಚಾಕು ಬೇಡ. ಅರಿಸಿನಕ್ಕೆ ಆಮ್ಲವೂ ಬರೀ ನೀರೂ ಒಂದೇ. ಸುಣ್ಣ ಮಿಕ್ಕಾಗ ಮಾತ್ರ ಕೆಂಪಾಗುತ್ತದೆ, ಆರತಿಯ ಓಕುಳಿ ನೀರಿನ ಹಾಗೆ.

ಈಗ ಲೆಕ್ಕ. ಒಂದು ಕಿಲೋ ಮೈಲುತುತ್ತಿಗೆ ಶುದ್ಧ ಸುಟ್ಟ ಸುಣ್ಣ ಬೇಕಾಗುವುದು ಸುಮಾರು 225 ಗ್ರಾಂ ಮಾತ್ರ. ಸಮಸಮ ಎಂದು ಹೇಳುವುದು ಅಂಗಡಿಯ ಸುಣ್ಣದ ಮೇಲಿನ ಅಪನಂಬಿಕೆಯಿಂದ. ನೀವು ಒಂದು ಕಿಲೋ ಹಾಕಿಯೂ ಸಾಲಲಿಲ್ಲವೆಂದರೆ ಅದರಲ್ಲಿ ಕಾಲುಭಾಗವೂ ಸುಣ್ಣವಾಗಿ ಉಳಿದಿಲ್ಲ. ನೀರಿಗೆ ಹಾಕಿದಾಗ ಬುಸುಗುಟ್ಟಿತೇ? ಬಿಸಿಯಾಯಿತೇ? ಗಾಳಿಗೆ ಬಿದ್ದ ಸುಣ್ಣ ಇಂಗಾಲದ ಡೈಆಕ್ಸೈಡ್ ಕುಡಿದು ಮತ್ತೆ ಸುಣ್ಣಕಲ್ಲಿನ ಪುಡಿಯಾಗುತ್ತದೆ. ಅದೂ ಆಮ್ಲವನ್ನು ತೀರಿಸೀತು, ಆದರೆ ನೀರಿನಲ್ಲಿ ಕರಗದ್ದರಿಂದ ಬಹಳ ನಿಧಾನ. ನಾಲ್ಕು ಹನಿ ನಿಂಬೆರಸ ಹಾಕಿ ನೋಡಿ, ಜೋರಾಗಿ ನೊರೆ ಎದ್ದರೆ ಸುಣ್ಣ ಸತ್ತಿದೆ.

ಸುಣ್ಣ ಕೈಗೋ ಕಣ್ಣಿಗೋ ಸಿಡಿದರೆ ಮಾತ್ರ ಅದೇ ನಿಂಬೆರಸ ಹಚ್ಚಲು ಹೋಗಬೇಡಿ. ತಟಸ್ಥೀಕರಣದಲ್ಲೂ ಶಾಖ ಹುಟ್ಟುತ್ತದೆ. ಬರೀ ನೀರು, ಧಾರಾಳವಾಗಿ. ಕಣ್ಣಿಗಾದರೆ ತೊಳೆದು ನೇರ ವೈದ್ಯರ ಬಳಿಗೆ.

ಕೆಟ್ಟ ದ್ರಾವಣವನ್ನು ಹಳ್ಳಕ್ಕೆ ಚೆಲ್ಲಬೇಡಿ, ಮೀನಿಗೆ ತಾಮ್ರ ವಿಷ.

ಅಡಿಕೆ ಮಂಡಿ, ಸಾಗರ

ಮೇಷ್ಟ್ರೇ, ಬೊಗಸೆ ನನ್ನದೇ! ನಮ್ಮ ಅಜ್ಜನ ಕಾಲದಲ್ಲಿ ಈ ಗೋಜೇ ಇರಲಿಲ್ಲ, ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರಂತೆ.

ನಿವೃತ್ತ ಮೇಷ್ಟ್ರು, ಪುತ್ತೂರು

ಹೌದು. ಕೊಟ್ಟೆ ಬಿಡಿಸಿ ಈ ಮದ್ದು ಹಿಡಿಸಿದವರು ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ.

ತೋಟಕ್ಕೆ ಮರಳಿದವನು, ಶಿರಸಿ

ಬುಸುಗುಟ್ಟಲಿಲ್ಲ, ಬೆಚ್ಚಗೂ ಆಗಲಿಲ್ಲ. ಬಾಯಿ ಬಿಚ್ಚಿದ ಚೀಲದ ಪುಡಿ ಅದು. ನಿಂಬೆರಸ ಹಿಂಡಿದರೆ ಸೋಡಾ ಬಾಟಲಿಯ ಹಾಗೆ ನೊರೆ. ಹೊಸದಾಗಿ ಸುಟ್ಟ ಗಟ್ಟಿ ಸುಣ್ಣ ತಂದೆ, ನೀರಿಗೆ ಬಿದ್ದೊಡನೆ ಕುದಿಯಿತು. ಮೊದಲು ಎರಡು ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಹತ್ತತ್ತು ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತು ಇಟ್ಟು ಪರೀಕ್ಷಿಸಿದೆ. ಹಳೆಯ ಸುಣ್ಣ 100 ಗ್ರಾಂ ಹಾಕಿದರೂ ಕತ್ತಿ ಕೆಂಪು, ಹೊಸದು 30 ಗ್ರಾಮಿಗೇ ಕತ್ತಿ ಇದ್ದ ಹಾಗೇ ಬಂತು. ಆದರೂ ಡ್ರಮ್ಮಿಗೆ ಅಪ್ಪ ಹಾಕಿಸಿದ್ದು ಪೂರ್ತಿ ಕಿಲೋ. ಮಗಳ ಅರಿಸಿನದ ಕಾಗದ ಈ ಸಲ ಕುಂಕುಮದ ಬಣ್ಣಕ್ಕೆ ತಿರುಗಿತು. ಕೊನೆಗೌಡ ಮೂರನೆಯ ಮರ ಹತ್ತಿದ್ದಾನೆ, ಪೈಪು ಹಿಡಿಯಲು ಕೂಗುತ್ತಿದ್ದಾನೆ, ಹೋಗುತ್ತೇನೆ.