ಶಾಲೆ ಸಂಚಿಕೆಗೆ ಥರಾವರಿ ಫೈಲು, ಮೂರು ಥರದ ಕಂಪ್ಯೂಟರ್: ಕನ್ವರ್ಟ್ ಮಾಡೋ ಸಾಫ್ಟ್‌ವೇರ್ ಹಾಕಿಕೊಂಡವರು ಹೇಳಿ

ತೀರ್ಥಹಳ್ಳಿ ಕಡೆಯ ಮೇಷ್ಟ್ರು ಕೇಳಿದ್ದು

ನಮ್ಮೂರ ಶಾಲೆಯ ಶತಮಾನೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಲೇಖನ ಬಂದಿರುವ ರೀತಿ ನೋಡಿದರೆ ತಲೆ ಕೆಡುತ್ತದೆ. ಕೆಲವು ವರ್ಡ್‌ನ ಹಳೇ ಡಾಕ್ ಫೈಲು, ಕೆಲವು ಅದರದ್ದೇ ಹೊಸ ಡಾಕ್‌ಎಕ್ಸ್, ಒಬ್ಬರದ್ದು ಓಡಿಟಿ. ಅರ್ಧಕ್ಕರ್ಧ ಹಳೇ ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದು. ಎಲ್ಲವನ್ನೂ ಒಂದೇ ರೂಪಕ್ಕೆ ತಂದು ಪ್ರೆಸ್ಸಿಗೆ ಪಿಡಿಎಫ್ ಕೊಡಬೇಕು. ಪರಊರಲ್ಲಿರುವ ಹಳೇ ವಿದ್ಯಾರ್ಥಿಗಳಿಗೆ ಮೊಬೈಲಲ್ಲಿ ಓದಲು ಇ-ಪಬ್ (ಇ-ಪುಸ್ತಕದ ಫೈಲು) ಬೇಕು. ಶಾಲೆಯಲ್ಲಿ ವಿಂಡೋಸ್ 10 ಇದೆ, ನನ್ನದು ಉಬುಂಟು 22.04, ತಮ್ಮನ ಹತ್ತಿರ ಮ್ಯಾಕ್. ವರ್ಡ್ ಥರದ ಲಿಬ್ರೆ ಆಫೀಸ್, ಫೈಲಿನ ರೂಪ ಬದಲಿಸುವ ಪ್ಯಾನ್‌ಡಾಕ್, ಇ-ಪುಸ್ತಕಕ್ಕೆ ಕ್ಯಾಲಿಬರ್ ಅಂತ ಹೆಸರು ಕೇಳಿದ್ದೇನೆ. ಯಾವುದನ್ನು ಎಲ್ಲಿ ಹಾಕಬೇಕು, ಅಪ್‌ಡೇಟ್ ಹೇಗೆ? ಮಳೆಗಾಲ ಬೇರೆ, ತೋಟದ ಮೇಲಿನ ದರೆ ಹತ್ತಿದರೆ ಮಾತ್ರ ನೆಟ್ ಸಿಗುತ್ತದೆ. ಅದನ್ನೂ ನೋಡಿಕೊಂಡು ಹೇಳಿ.

ಶಿವಮೊಗ್ಗ ದುರ್ಗಿಗುಡಿ, ಡಿಟಿಪಿ ಕೆಲಸದವರು

ಮೇಷ್ಟ್ರೇ, ಸಾಫ್ಟ್‌ವೇರ್ ಆಮೇಲೆ. ಮೊದಲು ಫೈಲುಗಳನ್ನು ಎರಡು ಫೋಲ್ಡರ್ ಮಾಡಿ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಒಂದು ಕಡೆ, ಹಳೇ ನುಡಿ-ಬರಹ ಫಾಂಟಿನದ್ದು ಇನ್ನೊಂದು ಕಡೆ. ಗುರುತಿಸುವುದು ಸುಲಭ. ಪೂರ್ತಿ ಆಯ್ಕೆ ಮಾಡಿ ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕಿ, ಟೋಪಿ ಇಟ್ಟ ಹಾಗೆ ಏನೇನೋ ಕಂಡರೆ ಹಳೇ ಎನ್‌ಕೋಡಿಂಗ್. ಆ ಫೈಲಿನೊಳಗೆ ಕನ್ನಡವೇ ಇಲ್ಲ. ಇರುವುದು ಇಂಗ್ಲಿಷ್ ಸಂಕೇತಗಳು, ಕನ್ನಡದ ವೇಷ ಹಾಕಿದ್ದು ಫಾಂಟು.

ಇದನ್ನು ಪ್ಯಾನ್‌ಡಾಕ್‌ಗೆ ಕೊಟ್ಟರೂ ಅಷ್ಟೇ, ಕ್ಯಾಲಿಬರ್‌ಗೆ ಕೊಟ್ಟರೂ ಅಷ್ಟೇ. ಅವು ಬದಲಿಸುವುದು ಫೈಲಿನ ರೂಪವನ್ನು, ಒಳಗಿನ ಅಕ್ಷರವನ್ನಲ್ಲ. ನೀವು ಎಷ್ಟು ಹೊಸ ಆವೃತ್ತಿ ಹಾಕಿದರೂ ಕಸ ಕೊಟ್ಟರೆ ಕಸವೇ ಬರುತ್ತದೆ. ಹಾಗಾಗಿ ಮೊದಲು ನುಡಿಯಿಂದ ಯೂನಿಕೋಡ್‌ಗೆ. ಅದಕ್ಕೆ ಪರಿವರ್ತಕಗಳು ಬೇರೆಯೇ ಇವೆ, ನುಡಿ, ಬರಹ ತಂತ್ರಾಂಶಗಳ ಜೊತೆಯಲ್ಲೂ ಬರುತ್ತವೆ.

ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಲೇಖನದ ನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ, ಉದಾಹರಣೆಗೆ ಯಾರದ್ದೋ ಡಿಗ್ರಿ, ಇಮೇಲ್ ವಿಳಾಸ, ಅದನ್ನೂ ನುಡಿ ಅಂತಲೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಮುಂಚೆಯೇ ಗುರುತು ಹಾಕಿಟ್ಟುಕೊಂಡು ಆಮೇಲೆ ಕೈಯಲ್ಲೇ ಸರಿಮಾಡಿ. ಅರ್ಕಾವತ್ತು ಇರುವ ಕಡೆಯೂ ಒಮ್ಮೆ ಕಣ್ಣಾಡಿಸಿ. ಗೌಡರ ಹೆಸರೋ ಶರ್ಮರ ಹೆಸರೋ ತಪ್ಪಾಗಿ ಅಚ್ಚಾದರೆ ಊರಲ್ಲಿ ಯಾರೂ ಸುಮ್ನೆ ಬಿಡುವುದಿಲ್ಲ.

ಸಾಗರದಿಂದ, ಸಹಕಾರ ಸಂಘದ ಗುಮಾಸ್ತರು

ಶಾಲೆಯ ವಿಂಡೋಸ್‌ಗೆ ಲಿಬ್ರೆ ಆಫೀಸ್ ಸಾಕು. ಹಳೇ ಡಾಕ್ ಫೈಲನ್ನು ಪ್ಯಾನ್‌ಡಾಕ್ ಆಗಲಿ ಕ್ಯಾಲಿಬರ್ ಆಗಲಿ ಓದುವುದಿಲ್ಲ, ಲಿಬ್ರೆ ಆಫೀಸ್ ಓದುತ್ತದೆ. ಅದರಲ್ಲಿ ಡಾಕ್‌ಎಕ್ಸ್ ಮಾಡಿಕೊಂಡು ಮುಂದಕ್ಕೆ ಕಳಿಸಿ.

ಹಾಕುವಾಗ ಅದರದ್ದೇ ವೆಬ್‌ಸೈಟಿಂದ ಇಳಿಸಿ. 'ಫ್ರೀ ಕನ್ವರ್ಟರ್' ಅಂತ ಹುಡುಕಿದರೆ ಮೇಲೆ ಬರುವ ಜಾಹೀರಾತು ಒತ್ತಬೇಡಿ, ಇನ್ನೇನನ್ನೋ ಅಂಟಿಸಿ ಕಳಿಸುತ್ತವೆ. ಅಪ್‌ಡೇಟ್ ಇದೆ ಅಂತ ಲಿಬ್ರೆ ಆಫೀಸೇ ಹೇಳುತ್ತದೆ. ಆದರೆ ಸಾಮಾನ್ಯವಾಗಿ ಇನ್‌ಸ್ಟಾಲರ್ ಪೂರ್ತಿ ಇಳಿಸಿಕೊಳ್ಳಬೇಕು, 300 ಎಂಬಿಗಿಂತ ಜಾಸ್ತಿ. ನಿಮ್ಮ ದರೆ ಮೇಲಿನ ನೆಟ್ಟಿಗೆ ಅದು ಆಗುವ ಮಾತಲ್ಲ. ಪೇಟೆಗೆ ಬಂದಾಗ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಹಳೆಯದನ್ನು ತೆಗೆಯಬೇಕಿಲ್ಲ, ಅದರ ಮೇಲೆಯೇ ಹೊಸದು ಕೂರುತ್ತದೆ. 2024ರಿಂದ ಆವೃತ್ತಿಯ ಸಂಖ್ಯೆಯೇ ಇಸವಿ-ತಿಂಗಳು. 24.2 ಅಂದರೆ 2024ರ ಫೆಬ್ರವರಿಯದ್ದು. ಎಷ್ಟು ಹಳೆಯದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ನಿಮ್ಮದು ವಿಂಡೋಸ್ 10 ಆಗಿದ್ದು ಒಳ್ಳೆಯದಾಯಿತು. ವಿಂಡೋಸ್ 7, 8ರಲ್ಲಿ 25.8 ಓಡುವುದಿಲ್ಲ.

ಇನ್ನೊಂದು. ಫೋಲ್ಡರ್ ಪೂರ್ತಿ ಒಂದೇ ಏಟಿಗೆ ಬದಲಿಸಲು ಕಮಾಂಡ್ ಇದೆ, ಕಿಟಕಿ ತೆರೆಯದೆ ಓಡುತ್ತದೆ, ಹೆಡ್‌ಲೆಸ್ ಅಂತಾರೆ. ಅದನ್ನು ಓಡಿಸುವಾಗ ಲಿಬ್ರೆ ಆಫೀಸ್ ಕಿಟಕಿ ಒಂದೂ ತೆರೆದಿರಬಾರದು. ತೆರೆದಿದ್ದರೆ ಎರರ್ ಕೂಡ ತೋರಿಸದೆ ಸುಮ್ಮನೆ ಮುಗಿದುಹೋಗಬಹುದು, ಫೈಲು ಎಲ್ಲಿ ಅಂತ ಹುಡುಕುತ್ತಾ ಕೂರಬೇಕು. ನಮ್ಮಲ್ಲಿ ಸದಸ್ಯರ ಪಟ್ಟಿ ಮಾಡುವಾಗ ಹೀಗೇ ಆಗುತ್ತಿತ್ತು, ಪಕ್ಕದವರು ಯಾರೋ ಒಂದು ಶೀಟ್ ತೆಗೆದಿಟ್ಟಿರುತ್ತಿದ್ದರು.

ಶಂಕರಘಟ್ಟದಿಂದ, ಎಂಎಸ್ಸಿ ವಿದ್ಯಾರ್ಥಿ

ಸರ್, ಉಬುಂಟು ನನಗೆ ಗೊತ್ತಿರೋದು. 22.04ರಲ್ಲಿ ಆಪ್ಟ್ (ಉಬುಂಟುವಿನದ್ದೇ ಇನ್‌ಸ್ಟಾಲ್ ಕಮಾಂಡ್) ಮೂಲಕ ಪ್ಯಾನ್‌ಡಾಕ್ ಹಾಕಿದರೆ 2.9 ಬರುತ್ತದೆ. ತುಂಬಾ ಹಳೇದು. 3.0 ಬಂದಿದ್ದೇ 2023ರ ಜನವರಿಯಲ್ಲಿ. ನೀವು ಎಷ್ಟು ಸಲ ಆಪ್ಟ್ ಅಪ್‌ಗ್ರೇಡ್ ಕೊಟ್ಟರೂ ಆ ಉಬುಂಟುವಿನಲ್ಲಿ 3ಕ್ಕೆ ಹೋಗುವುದಿಲ್ಲ. ಹೊಸದು ಬೇಕಾದರೆ ಗಿಟ್‌ಹಬ್ ಸೈಟಿನಲ್ಲಿರುವ ಅದರ ಬಿಡುಗಡೆ ಪುಟದಿಂದ ಡೆಬ್ ಫೈಲ್ (ಉಬುಂಟುವಿನ ಇನ್‌ಸ್ಟಾಲರ್) ಇಳಿಸಿ ಹಾಕಬೇಕು. ಹಾಗೆ ಹಾಕಿದ್ದನ್ನು ಆಪ್ಟ್ ತಾನಾಗಿ ಹೊಸದು ಮಾಡುವುದಿಲ್ಲ. ಮುಂದಿನ ಸಲವೂ ಅದೇ ಪುಟಕ್ಕೇ ಹೋಗಬೇಕು.

ನಾನು ಎಲ್ಲರಿಗೂ ಹೇಳುವುದು ಇದೊಂದೇ: ಯಾವ ದಾರಿಯಲ್ಲಿ ಹಾಕಿದಿರೋ ಅದೇ ದಾರಿಯಲ್ಲಿ ಅಪ್‌ಡೇಟ್ ಮಾಡಿ. ಒಮ್ಮೆ ಆಪ್ಟ್, ಇನ್ನೊಮ್ಮೆ ಸ್ನ್ಯಾಪ್, ಮತ್ತೊಮ್ಮೆ ಯಾರೋ ಹೇಳಿದರು ಅಂತ ಕಾಂಡಾ, ಹೀಗೆ ಬೇರೆ ಬೇರೆ ಇನ್‌ಸ್ಟಾಲ್ ದಾರಿಯಲ್ಲಿ ಹಾಕಿದರೆ ಒಂದೇ ಮೆಷೀನಲ್ಲಿ ಮೂರು ಪ್ಯಾನ್‌ಡಾಕ್ ಕೂತಿರುತ್ತವೆ. ಹೊಸದು ಹಾಕಿಯೂ ಹಳೇದೇ ಓಡುತ್ತದೆ. ನಮ್ಮ ಲ್ಯಾಬಲ್ಲಿ ಅರ್ಧ ತಕರಾರು ಇದೇ. 'ವಿಚ್' ಕಮಾಂಡಿಗೆ ಹೈಫನ್ ಎ ಸೇರಿಸಿ ಕೇಳಿದರೆ ಎಲ್ಲೆಲ್ಲಿ ಇವೆ ಅಂತ ತೋರಿಸುತ್ತದೆ. ಮೇಲೆ ಬಂದಿದ್ದೇ ಓಡುತ್ತಿರುವುದು.

ಕ್ಯಾಲಿಬರ್‌ ಕಥೆ ಬೇರೆ. ಉಬುಂಟುವಿನ ಪ್ಯಾಕೇಜ್ ಬೇಡ, ತಮ್ಮ ಸೈಟಿನಲ್ಲಿರುವ ಒಂದು ಸಾಲಿನ ಕಮಾಂಡ್ ಬಳಸಿ ಅಂತ ಅದನ್ನು ಮಾಡಿದವರೇ ಹೇಳುತ್ತಾರೆ. ಅಪ್‌ಡೇಟಿಗೂ ಅದೇ ಸಾಲು. ಮಾಡಿದವರು ನಮ್ಮ ದೇಶದ ಕೋವಿದ್ ಗೋಯಲ್. ಪ್ಯಾನ್‌ಡಾಕ್ ಬರೆದಿದ್ದು ಬರ್ಕ್ಲಿಯ ಫಿಲಾಸಫಿ ಪ್ರೊಫೆಸರ್ ಜಾನ್ ಮ್ಯಾಕ್‌ಫರ್ಲೇನ್. ಫಿಲಾಸಫಿಯವರು ಕೋಡ್ ಬರೆದಿದ್ದು ನೋಡಿ, ನಾವು ಕಂಪ್ಯೂಟರ್ ಓದಿಯೂ ಬಳಸುವುದಷ್ಟೇ.

ಹೊಸನಗರದವರು, ಈಗ ಬೆಂಗಳೂರಲ್ಲಿ

ಮ್ಯಾಕ್‌ನಲ್ಲಿ ಹೋಮ್‌ಬ್ರೂ (ಆಪ್ಟ್ ಥರದ್ದೇ) ಇದ್ದರೆ ಮೂರನ್ನೂ ಅದರಿಂದಲೇ ಹಾಕಿ, ಅದರಿಂದಲೇ ಅಪ್‌ಗ್ರೇಡ್ ಮಾಡಿ. ಇಲ್ಲವಾದರೆ ಲಿಬ್ರೆ ಆಫೀಸ್ ಇಳಿಸುವಾಗ ತಮ್ಮನ ಮ್ಯಾಕ್ ಇಂಟೆಲ್ಲೋ ಆ್ಯಪಲ್ ಸಿಲಿಕಾನೋ ಕೇಳಿಕೊಳ್ಳಿ, ಎರಡಕ್ಕೂ ಬೇರೆ ಬೇರೆ ಫೈಲು. ವಿಂಡೋಸ್‌ನಲ್ಲಿ ಪ್ಯಾನ್‌ಡಾಕ್ ಹಾಕಿದ ಮೇಲೆ ಕಮಾಂಡ್ ಕಿಟಕಿ ಮುಚ್ಚಿ ಮತ್ತೆ ತೆರೆಯಿರಿ. ಇಲ್ಲದಿದ್ದರೆ ಅಂಥ ಪ್ರೋಗ್ರಾಂ ಇಲ್ಲ ಅನ್ನುತ್ತದೆ.

ತೀರ್ಥಹಳ್ಳಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಡೆಬ್ ಹಾಕಿದೆ, 3 ಬಂತು. ಡಾಕ್‌ಎಕ್ಸ್‌ನಿಂದ ನೇರ ಪಿಡಿಎಫ್ ಮಾಡಲು ಹೋದರೆ ಪಿಡಿಎಫ್-ಲಾಟೆಕ್ ಇಲ್ಲ ಅನ್ನುತ್ತಿದೆ. ಅದನ್ನೂ ಹಾಕಬೇಕಾ?

ದುರ್ಗಿಗುಡಿ ಡಿಟಿಪಿ

ಬೇಡ ಮಾರಾಯ್ರೇ! ಪಿಡಿಎಫ್ ಮಾಡಲು ಪ್ಯಾನ್‌ಡಾಕ್‌ಗೆ ಇನ್ನೊಂದು ಸಾಫ್ಟ್‌ವೇರ್ ಬೇಕು, ಸಾಮಾನ್ಯವಾಗಿ ಲಾಟೆಕ್ ಅನ್ನುವ ಪುಟ ಜೋಡಿಸುವ ಸಾಫ್ಟ್‌ವೇರ್. ಪೂರ್ತಿ ಲಾಟೆಕ್ ಅಂದರೆ ಜಿಬಿ ಲೆಕ್ಕ. ಅಷ್ಟೆಲ್ಲ ಮಾಡಿಯೂ ಪಿಡಿಎಫ್-ಲಾಟೆಕ್‌ಗೆ ಕನ್ನಡ ಯೂನಿಕೋಡ್ ಆಗುವುದಿಲ್ಲ. ಝೀಲಾಟೆಕ್ ಅಥವಾ ಲುವಾಲಾಟೆಕ್ ಅಂತ ಹೇಳಿ, ಕನ್ನಡ ಫಾಂಟಿನ ಹೆಸರೂ ಕೊಡಬೇಕು. ನಿಮಗೆ ಗಣಿತದ ಸೂತ್ರಗಳಿಲ್ಲ, ಕಥೆ-ನೆನಪು ಅಷ್ಟೇ ಅಲ್ವಾ? ಲಿಬ್ರೆ ಆಫೀಸಿನಿಂದಲೇ ಪಿಡಿಎಫ್ ತೆಗೆಯಿರಿ.

ಆದರೆ ಮೂರು ಕಂಪ್ಯೂಟರಲ್ಲೂ ಒಂದೇ ಫಾಂಟ್ ಇರಲಿ. ಇಲ್ಲದಿದ್ದರೆ ಶಾಲೆಯಲ್ಲಿ ಸರಿಯಾಗಿ ಕೂತ ಪುಟ ತಮ್ಮನ ಮ್ಯಾಕ್‌ನಲ್ಲಿ ಕೆಳಗೆ ಜಾರುತ್ತದೆ. ವಿಂಡೋಸ್ 10ರಲ್ಲಿ ನಿರ್ಮಲಾ ಯುಐ ಇರುತ್ತದೆ. ನಿಮ್ಮೂರ ಹೊಳೆ ಹೆಸರಿನ ತುಂಗಾ ಫಾಂಟ್ ಬೇಕಾದರೆ ಐಚ್ಛಿಕ ಫೀಚರ್‌ಗಳಲ್ಲಿ ಕನ್ನಡದ ಹೆಚ್ಚುವರಿ ಫಾಂಟ್ ಸೇರಿಸಬೇಕು. ಉಬುಂಟುವಿಗೆ ಗುಬ್ಬಿ, ನವಿಲು ಇವೆ. ನಾನಾದರೆ ನೋಟೋ ಸೆರಿಫ್ ಕನ್ನಡ ಇಳಿಸಿ ಮೂರಕ್ಕೂ ಹಾಕುತ್ತೇನೆ. ಲಿಬ್ರೆ ಆಫೀಸಿನಲ್ಲಿ ಕನ್ನಡ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಅನ್ನುವ ಗುಂಪಿಗೆ ಸೇರುತ್ತದೆ. ಸ್ಟೈಲ್ ತೆರೆದಾಗ ಫಾಂಟಿಗೆ ಎರಡು ಜಾಗ ಕಾಣುತ್ತದೆ. ಒಂದು ಇಂಗ್ಲಿಷಿಗೆ. ಅಲ್ಲಿ ಎಷ್ಟು ಬದಲಿಸಿದರೂ ಕನ್ನಡ ಅಲುಗಾಡುವುದಿಲ್ಲ. ಕಾಂಪ್ಲೆಕ್ಸ್ ಅಂತ ಇರುವಲ್ಲಿ ಫಾಂಟು, ಅಳತೆ ಎರಡನ್ನೂ ಕೊಡಿ. ಕೊನೇ ಪಿಡಿಎಫ್ ಒಂದೇ ಮೆಷೀನಿನಿಂದ ಬರಲಿ. ಅಚ್ಚು ಮುಗಿಯುವವರೆಗೆ ಆ ಮೆಷೀನಿನಲ್ಲಿ ಏನನ್ನೂ ಅಪ್‌ಡೇಟ್ ಮಾಡಬೇಡಿ, ಅದು ಎಷ್ಟೇ ಕೇಳಿದರೂ.

ಕೊಪ್ಪದಿಂದ, ಗ್ರಂಥಾಲಯ ನೋಡಿಕೊಳ್ಳುವವರು

ಇ-ಪಬ್‌ಗೆ ಪ್ಯಾನ್‌ಡಾಕ್ ಒಂದೇ ಸಾಕು, ಲಾಟೆಕ್ ಬೇಡ. ಲೇಖನದ ತಲೆಬರಹಗಳನ್ನು ಬರೀ ದಪ್ಪ ಅಕ್ಷರ ಮಾಡಬೇಡಿ. 'ಹೆಡಿಂಗ್ 1' ಸ್ಟೈಲ್ ಕೊಡಿ. ಆಗ ಒಂದೊಂದು ಲೇಖನವೂ ಅಧ್ಯಾಯವಾಗಿ ಪರಿವಿಡಿಗೆ ತಾನಾಗಿ ಬರುತ್ತದೆ. ಆಮೇಲೆ ಕ್ಯಾಲಿಬರ್‌ನಲ್ಲಿ ತೆರೆದು ಮುಖಪುಟದ ಚಿತ್ರ ಸೇರಿಸಿ. ಅಲ್ಲೇ ಭಾಷೆ ಕನ್ನಡ ಅಂತ ಇದೆಯಾ ನೋಡಿ. ಇಂಗ್ಲಿಷ್ ಅಂತ ಉಳಿದರೆ, ಗಟ್ಟಿಯಾಗಿ ಓದಿಸಿ ಕೇಳುವವರಿಗೆ ಕೆಲವು ಆ್ಯಪ್‌ಗಳು ಇಂಗ್ಲಿಷ್ ದನಿಯಲ್ಲಿ ಓದಲು ಹೋಗುತ್ತವೆ. ನಿಮ್ಮ ಹಳೇ ವಿದ್ಯಾರ್ಥಿಗಳಲ್ಲಿ ಕಣ್ಣು ಮಂಜಾದವರೂ ಇರುತ್ತಾರಲ್ಲ, ಅವರಿಗೆ ಕಳಿಸುವ ಮುಂಚೆ ನಿಮ್ಮ ಮೊಬೈಲಲ್ಲಿ ಒಂದು ಪುಟ ಓದಿಸಿ ಕೇಳಿ.