ಮನೆಯಲ್ಲೇ ಮಾಡಿದ ಸಾಫ್ಟ್‌ಬಾಕ್ಸ್‌ಗೆ (ಫ್ಲ್ಯಾಶ್ ಬೆಳಕನ್ನು ಮೆತ್ತಗೆ ಮಾಡುವ ಡಬ್ಬಿಗೆ) ಯಾವ ಬಟ್ಟೆ ಹಾಕಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯ ಹಿರಿಯ ನೇಕಾರರ ಪೋರ್ಟ್ರೇಟ್ ತೆಗೆಯುತ್ತಿದ್ದೇನೆ. ಮಗ್ಗದ ಕೋಣೆಯಲ್ಲಿ ಬೆಳಕು ಕಡಿಮೆ. ನೇರ ಫ್ಲ್ಯಾಶ್ ಹೊಡೆದರೆ ಮುಖದ ಗೆರೆಗಳೆಲ್ಲ ಸಪಾಟಾಗಿ, ಹಣೆ ಮಾತ್ರ ಮಿಂಚುತ್ತದೆ. ಆ ಗೆರೆಗಳೇ ಅಲ್ವಾ ಅವರ ಚೆಲುವು!

ಅದಕ್ಕೆ ರಟ್ಟಿನ ಡಬ್ಬಿಯೊಳಗೆ ಅಡುಗೆಮನೆಯ ಫಾಯಿಲ್ ಅಂಟಿಸಿ, ಬಾಯಿಗೆ ಹಳೆ ಬಿಳಿ ಧೋತರ ಬಿಗಿದು ಸಾಫ್ಟ್‌ಬಾಕ್ಸ್ ಮಾಡಿದೆ. ನೆರಳಿನ ಅಂಚು ಚೆನ್ನಾಗಿ ಮೆತ್ತಗಾಯ್ತು. ಆದರೆ ನಡುವೆ ಬೆಳಕು ಜಾಸ್ತಿ, ಅಂಚಿಗೆ ಕಡಿಮೆ. ಕಣ್ಣಿನ ಹೊಳಪಿನಲ್ಲೂ ಅದೇ ಚೂಪು ಚುಕ್ಕೆ. ಚರ್ಮವೂ ಸ್ವಲ್ಪ ಹಳದಿ ಕಾಣುತ್ತದೆ.

ಒಳಗೆ ಇನ್ನೊಂದು ಪದರ ಕಟ್ಟಿದರೆ ಬೆಳಕು ಹರಡುತ್ತದೆ, ಸರಿ. ಅದನ್ನು ಫ್ಲ್ಯಾಶಿನಿಂದ ಎಷ್ಟು ದೂರಕ್ಕೆ ಕಟ್ಟಬೇಕು? ಬಿಳಿ ರಿಪ್‌ಸ್ಟಾಪ್ ನೈಲಾನ್ (ಸುಲಭವಾಗಿ ಹರಿಯದಂತೆ ನೇಯ್ದ ತೆಳು ಬಟ್ಟೆ) ಹುಬ್ಬಳ್ಳಿಯ ದುರ್ಗದಬೈಲ್ ಕಡೆ ಸಿಗುತ್ತಾ? ಡಬ್ಬಿ ದೊಡ್ಡದು ಮಾಡೋಣವೆಂದರೆ ಮಗ್ಗದ ಪಕ್ಕ ಜಾಗವಿಲ್ಲ. ಮಾಡಿ ನೋಡಿದವರು ದಯವಿಟ್ಟು ಫೋಟೋ ಸಮೇತ ಹೇಳಿ.